ಚಿಲಕ ಹಾಕದ ನಿಜಗುಣಪ್ಪ

ಸಂಪಗಾಂವದ ಆ ಓಣಿಯಲ್ಲಿ ಗಡಿಯಾರ ನೋಡಿ ಏಳುವವರು ಒಬ್ಬರೂ ಇರಲಿಲ್ಲ. ಬೆಳಗಿನ ಆರೂವರೆಗೆ ನಿಜಗುಣಪ್ಪ ಪಾಯಖಾನೆಗೆ ಹೋಗಿ ಹಾಡಲು ಸುರು ಮಾಡುತ್ತಿದ್ದ. ಓಣಿಗೆ ಅದೇ ಅಲಾರಾಂ. ಹಾಡುವುದು ಭಕ್ತಿಗಲ್ಲ, ಒಳಗಿನಿಂದ ಚಿಲಕ ಹಾಕುತ್ತಿರಲಿಲ್ಲವಾದ್ದರಿಂದ. ಬಾಗಿಲು ಗೇಣಿನಷ್ಟು ತೆರೆದೇ ಇರಬೇಕು, ಒಳಗೆ ಆಳು ಇದೆ ಎಂಬುದು ಹೊರಗಿನವರಿಗೆ ತಿಳಿಯಬೇಕು. ಧಾಟಿ ಭಜನೆಯದು, ಪದ ಮಾತ್ರ ದಿನಕ್ಕೊಂದು ಅವನದೇ: "ಸೋಯಾಬೀನಕ್ಕ ಹುಳಾ ಬಿದ್ದಾವೋ ಶಿವನೇ, ಪಂಪಿನ ವಾಶರ ಹೋಗೇತೋ ಶಿವನೇ..." ಹೀಗಾಗಿ ನಿಜಗುಣಪ್ಪನ ಹೊಲದ ಸುದ್ದಿ ಅವನ ಹೆಂಡತಿಗಿಂತ ಮೊದಲು ಓಣಿಗೆ ಗೊತ್ತಾಗುತ್ತಿತ್ತು. ಒಮ್ಮೆ ಅವನಿಗೆ ಜ್ವರ ಬಂದು ಹಾಡು ನಿಂತ ದಿನ ಏಳು ಮನೆಯ ಮಕ್ಕಳು ಸಾಲಿಗೆ ತಡವಾಗಿ ಹೋಗಿ ಬೈಸಿಕೊಂಡರು.

ಮನುಷ್ಯ ಅಂಜುಬುರುಕ ಎಂದುಕೊಂಡೀರಿ ಮತ್ತೆ! ಅರವತ್ಮೂರರ ಆಳು, ಈಗಲೂ ಹೋರಿಯ ಮೂಗುದಾರ ಹಿಡಿದು ನಿಲ್ಲಿಸುತ್ತಾನೆ. ಬದುವಿನ ಮೇಲೆ ಹಾವು ಕಂಡರೆ "ಸರಿಯಪಾ ಅತ್ತಾಗ" ಎಂದು ದಾಟಿ ಹೋಗುತ್ತಾನೆ. ಅಂಥವನಿಗೆ ಮುಚ್ಚಿದ ಬಾಗಿಲೊಂದು ಕಂಡರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ತಲೆಯ ಮೇಲಿಂದ ತೊಡುವ ಅಂಗಿಯನ್ನು ಅವನು ಹುಟ್ಟಿದಾಗಿನಿಂದ ತೊಟ್ಟಿಲ್ಲ. ಆ ಅರ್ಧ ಕ್ಷಣದ ಕತ್ತಲೂ ಆಗದು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಇಳಿದುಬಿಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಕೋಣೆಯ ಬಾಗಿಲು ಮುಚ್ಚಗೊಡದೆ ಹಟ ಹಿಡಿದು, ಬೀಗರ ಎದುರು ಮಾನ ಹೋದದ್ದನ್ನು ಸೋಮವ್ವ ಇಂದಿಗೂ ಮರೆತಿಲ್ಲ. ಮಲಗುವುದಂತೂ ಬಾಗಿಲು ತೆರೆದಿಟ್ಟು ಹೊಸ್ತಿಲಿಗೇ ತಲೆಕೊಟ್ಟು.

"ಕಳ್ಳರಿಗೆ ನಮ್ಮ ಮನ್ಯಾಗ ಚಿಲಕಾ ಮುರಿಯೂ ತ್ರಾಸ ಇಲ್ಲವಾ. ಇವರನ್ನ ದಾಟಿ ಬರೂದ ತ್ರಾಸ," ಎನ್ನುತ್ತಿದ್ದಳು ಸೋಮವ್ವ.

ಅವನ ಬೆನ್ನಿಗೆ ಯಾವಾಗಲೂ ಒಬ್ಬ ಇರುತ್ತಿದ್ದ: ಎದುರು ಮನೆಯ ಲಕ್ಕಪ್ಪ. ಓರಗೆಯವ, ಸಣಕಲ, ಬೋಳುತಲೆ. ಇಬ್ಬರೂ ಚಿಕ್ಕಂದಿನಿಂದ ಒಂದೇ ಎಲೆಯಲ್ಲಿ ಉಂಡವರು, ಒಂದನ್ನು ಬಿಟ್ಟು. ಲಕ್ಕಪ್ಪ ಹೋಳಿಗೆ ತಿನ್ನುತ್ತಿರಲಿಲ್ಲ. ಮದುವೆ ಇರಲಿ, ಹುಣ್ಣಿಮೆ ಇರಲಿ, ಹೋಳಿಗೆಯ ಬುಟ್ಟಿ ಹತ್ತಿರ ಬಂತೆಂದರೆ ಅಂಗೈಯನ್ನು ಎಲೆಯ ಮೇಲೆ ಅಡ್ಡ ಇಟ್ಟು "ನನಗ ಆಗಂಗಿಲ್ರಿ, ಹೊಟ್ಟಿ ಹಿಡಕೋತೇತಿ" ಎನ್ನುವನು. ಒಂದು ಪುಟ್ಟಿ ಮೆಣಸಿನಕಾಯಿ ಭಜಿ ತಿಂದು ಮೇಲೆ ಮಜ್ಜಿಗೆ ಕುಡಿದು ಅರಗಿಸುವ ಹೊಟ್ಟೆ ಅದು! ಆದರೂ ಊರು ನಂಬಿತ್ತು. ಊರಿಗೇನು, ಒಂದು ಹೋಳಿಗೆ ಉಳಿಯಿತಲ್ಲ.

ತಂಟೆ ಬಂದದ್ದು ಕಾಲಿನಿಂದ. ಹೋದ ದೀಪಾವಳಿಯ ಹೊತ್ತಿಗೆ ನಿಜಗುಣಪ್ಪನ ಬಲಪಾದ ಜೋಮು ಹಿಡಿಯತೊಡಗಿತು. ಮೊದಮೊದಲು ಇರುವೆ ಹರಿದಂತಿತ್ತು. ಆಮೇಲೆ ಏನೂ ಇಲ್ಲ. ನಡೆಯುತ್ತ ನಡೆಯುತ್ತ ಬಲಗಾಲಿನ ಚಪ್ಪಲಿ ಕಳಚಿ ಬಿದ್ದರೂ ಅವನಿಗೆ ತಿಳಿಯದು, ಮುಂದೆ ಹೋಗಿಬಿಡುವನು. ಹಿಂದೆ ಬರುವ ಲಕ್ಕಪ್ಪ ಎತ್ತಿಕೊಂಡು ಬಂದು "ಏ ಸಾಹೇಬಾ, ಇದು ನಿಂದ ಏನೋ?" ಎಂದು ಕಾಲಿಗೆ ತೊಡಿಸುವನು. ಬೈಲಹೊಂಗಲದ ಎಲುಬಿನ ಡಾಕ್ಟರು ಸೂಜಿ ಚುಚ್ಚಿ ನೋಡಿ ಮುಖ ಗಂಟಿಕ್ಕಿದರು.

"ಸೊಂಟದಾಗ ನರ ಒತ್ತೇತಿ. ಎಮ್ಮಾರೈ ಮಾಡಿಸ್ಕೊಂಡ ಬರ್ರಿ, ಆಪರೇಶನ್ ಮಾಡೋಣು. ತಡಾ ಮಾಡಿದ್ರ ಪಾದ ಹೊಳ್ಳಿ ಬರಂಗಿಲ್ಲ ನೋಡ್ರಿ."

ಪಾದ ಹೋದರೆ ಹೊಲ ಹೋದಂತೆ. ಕೋಲೂರಿಕೊಂಡು ಕಟ್ಟೆಯ ಮೇಲೆ ಕೂಡುವ ನಿಜಗುಣಪ್ಪನನ್ನು ನೆನೆದೇ ನಿಜಗುಣಪ್ಪನಿಗೆ ನಡುಕ ಬಂತು. ಧೈರ್ಯ ಮಾಡಿ ಬೆಳಗಾವಿಗೆ ಹೋದ. ಆ ಯಂತ್ರದ ಕೊಳವೆಯನ್ನು ಬಾಗಿಲಲ್ಲೇ ನಿಂತು ನೋಡಿದ, ಹೊರಳಿ ಬಂದ. ಎರಡನೆಯ ಸಲ ಮಲಗುವ ತನಕ ಹೋದ. ಹಲಗೆ ಒಂದು ಮೊಳ ಒಳಗೆ ಸರಿದದ್ದೇ ತಡ, ಬೆನ್ನ ಹಿಂದೆ ಗಂಟು ಕಟ್ಟುವ ಆಸ್ಪತ್ರೆಯ ಅಂಗಿಯಲ್ಲೇ ಗೇಟಿನ ತನಕ ಓಡಿದ. ಆ ಗಂಟು ಬಿಚ್ಚಿತ್ತೆಂಬುದನ್ನು ಲಕ್ಕಪ್ಪ ಊರಲ್ಲಿ ಯಾರಿಗೂ ಹೇಳಲಿಲ್ಲ, ನಾಲ್ಕು ಮಂದಿಗೆ ಬಿಟ್ಟು. ಮತ್ತಿನ ಇಂಜೆಕ್ಷನ್ ಕೊಡುತ್ತೇವೆಂದರೆ, "ಎಚ್ಚರ ತಪ್ಪಿಸಿ ಮುಚ್ಚತೀರಿ? ಅದು ಇನ್ನೂ ಕೆಟ್ಟ!" ಎಂದು ಕೈ ಮುಗಿದ.

ಆಗ ಎಲುಬಿನ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಮಂಗಳವಾರಕ್ಕೊಮ್ಮೆ ಬೈಲಹೊಂಗಲಕ್ಕೆ ಬರುವ ರಂಜನಾ ಎಂಬ ಮನಸ್ಸಿನ ಡಾಕ್ಟರ ಹೆಸರಿಗೆ.

"ನನಗೇನ ಹುಚ್ಚ ಹಿಡದೇತೇನೋ ಲಕ್ಕ್ಯಾ?"

"ಹುಚ್ಚರ ಹಿಡದಿದ್ರ ಆ ಕೊಳವ್ಯಾಗ ಹೋಗಿ ಆರಾಮ ಮಲಗತಿದ್ದಿ. ನಿನಗ ಅದೂ ಇಲ್ಲ. ನಡಿ ಸುಮ್ಮ."

ರಂಜನಾ ಸುರೇಬಾನದ ಕಡೆಯವರು. ಮಾತು ಮೆತ್ತಗೆ, ಪಟ್ಟು ಗಟ್ಟಿ. "ಅಂಜಿಕಿಗೆ ಬೆನ್ನ ತೋರಿಸಿದ್ರ ಅದು ಬೆನ್ನ ಹತ್ತತೇತ್ರಿ ಕಾಕಾ. ನಿಂತ ನೋಡಿದ್ರ ತಾನ ಕುಂದರತೇತಿ. ಒಮ್ಮಿಗೇ ಅಲ್ಲ, ಒಂದೊಂದ ಪಾವಟಿಗಿ ಏರೂದು," ಎಂದರು. ಏರುವ ಮೆಟ್ಟಿಲುಗಳೆಲ್ಲ ಒಂದು ಪೆಟ್ಟಿಗೆಯಲ್ಲಿದ್ದವು. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಕುಂತ ಖುರ್ಚಿಯಲ್ಲೇ ಬೇರೊಂದು ಜಾಗಕ್ಕೆ ಹೋಗಿ ನಿಂತಂತೆ; ತಲೆ ಎತ್ತಿದರೆ ಅಲ್ಲಿನ ಮಾಡು, ಹಿಂದೆ ಹೊರಳಿದರೆ ಅಲ್ಲಿನ ಗೋಡೆ. ವಿಆರ್ ಎನ್ನುತ್ತಾರೆ ಅದಕ್ಕೆ. ನಡೆಸುವವನು ಸಾಗರ ಎಂಬ ತಂತ್ರಜ್ಞ. ನಿಯಮ ಮೂರು: ಅಂಜಿಕೆ ಹತ್ತಕ್ಕೆ ಎಷ್ಟು ಎಂದು ಆಗಾಗ ಹೇಳಬೇಕು, ಅದು ಇಳಿಯುವ ತನಕ ಬಿಚ್ಚಬಾರದು, ಮತ್ತು ಹಾಡಬಾರದು.

"ಹಾಡಬಾರದು?" ಮೊದಲೆರಡಕ್ಕೆ ತಲೆಯಾಡಿಸಿದ್ದ ನಿಜಗುಣಪ್ಪ ಹೌಹಾರಿದ.

"ಹಾಡು ನಿಮ್ಮ ಊರುಗೋಲ್ರಿ. ಅದನ್ನ ಹಿಡಕೊಂಡ್ರ ಕಾಲಿಗೆ ಶಕ್ತಿ ಬರಂಗಿಲ್ಲ."

ಮೊದಲ ಮಂಗಳವಾರ ಸಾಗರ ಒಂದು ಲಿಫ್ಟು ತೋರಿಸಿದ. ಯಾವುದೋ ಪರದೇಶದ್ದು, ಒಳಗೆ ಸೂಟು ಬೂಟಿನ ನಾಲ್ಕು ಜನ. ಡಾಕ್ಟರು ಕಾದರು. ನಿಜಗುಣಪ್ಪ ಖುರ್ಚಿಯಲ್ಲಿ ನೆಟ್ಟಗೆ ಕುಂತು "ನಮಸ್ಕಾರ್ರೀ. ಎಲ್ಲಿಗೆ ಹೊಂಟ್ರಿ?" ಎಂದ. ಸ್ವಲ್ಪ ತಡೆದು ಇನ್ನೊಮ್ಮೆ ಕೇಳಿದ.

"ಅಂಜಿಕಿ ಎಷ್ಟ್ರಿ ಕಾಕಾ?"

"ಅಂಜಿಕಿ ಇಲ್ರಿ. ಆದ್ರ ಮಂದಿ ಸೊಕ್ಕಿನವರು. ಮಾತಾಡ್ಸಿದ್ರ ಹೊಳ್ಳಿ ನೋಡವಲ್ರು!"

ನಾಲ್ಕು ಜನ ಮತ್ತು ಬೆಳಕು ಇರುವ ಜಾಗ ಅವನ ಲೆಕ್ಕದಲ್ಲಿ ಮುಚ್ಚಿದ್ದೇ ಅಲ್ಲ, ಕಟ್ಟೆ ಇದ್ದಂತೆ. ಎರಡನೆಯ ಮಂಗಳವಾರ ಸಾಗರ ಅವಸರ ಮಾಡಿ ನೇರವಾಗಿ ಸ್ಕ್ಯಾನಿನ ಕೊಳವೆ ಹಚ್ಚಿದ. ನಿಜಗುಣಪ್ಪ "ಹತ್ತು!" ಎಂದು ಕೂಗಿದ್ದೊಂದೇ, ಪೆಟ್ಟಿಗೆ ಕಟ್ಟಿಕೊಂಡೇ ಎದ್ದು, ಕಣ್ಣು ಕಾಣದೆ ಬಾಗಿಲು ಹುಡುಕಿ ಹೊರಗೆ ನುಗ್ಗಿ, ಬೆಂಚಿನ ಮೇಲೆ ಕುಂತಿದ್ದ ಲಕ್ಕಪ್ಪನ ಮೇಲೆ ಬಿದ್ದ. ಹಲ್ಲು ನೋವಿಗೆ ಬಂದಿದ್ದ ಒಬ್ಬ ಮುದುಕಿ ಪೆಟ್ಟಿಗೆ ತಲೆಯ ಮನುಷ್ಯನನ್ನು ಕಂಡು ತನ್ನ ಹಲ್ಲು ಗುಣವಾಯಿತೆಂದು ಹೇಳಿ ಎದ್ದು ಹೋದಳು.

ರಂಜನಾ ಅವನಿಗೆ ನೀರು ಕೊಟ್ಟು ಕೇಳಿದರು: "ಖರೆ ಹೇಳ್ರಿ. ಮೊದಲ ಸಲ ಎಲ್ಲಿ ಅಂಜಿದ್ರಿ?"

ಹೇಳಿದ. ಹತ್ತು ವರ್ಷದವನಿದ್ದಾಗಿನ ಮಾತು. ಆಗೆಲ್ಲ ಜೋಳ ಕೂಡಿಡುತ್ತಿದ್ದದ್ದು ಹಗೇವಿನಲ್ಲಿ. ನೆಲದೊಳಗೆ ಆಳುದ್ದ ತೋಡಿದ, ಹೊಟ್ಟೆ ಅಗಲ, ಬಾಯಿ ಸಣ್ಣ ಇರುವ ಗುಂಡಿ. ಬಾಯಿಗೆ ಚಪ್ಪಡಿ ಕಲ್ಲು. ತೆರೆದ ದಿನ ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ಕಂದೀಲು ಇಳಿಸಿ ನೋಡಿ, ಅದು ಆರದಿದ್ದರೆ ಸಣ್ಣ ಹುಡುಗರನ್ನು ಇಳಿಸಿ ಜೋಳ ತೆಗೆಸುವುದು. ಅವತ್ತು ನಿಜಗುಣಪ್ಪನನ್ನು ಇಳಿಸಿದ್ದರು. ಕೆಲಸ ಮುಗಿದು ದೊಡ್ಡವರೆಲ್ಲ ಚೀಲ ಹೊತ್ತು ಹೋದ ಮೇಲೂ ಅವನು ತಂಪಿಗೆ ಒಳಗೇ ಕುಂತಿದ್ದ. ಮೇಲೆ ಕಲ್ಲು ಎಳೆದ ಸದ್ದಾಯಿತು. ಕತ್ತಲೆಯೆಂದರೆ ಕತ್ತಲೆ. ಕೂಗಿದರೆ ದನಿ ತನಗೇ ಬಂದು ಬಡಿಯುತ್ತಿತ್ತು.

"ಅರ್ಧ ತಾಸು ಇದ್ದೆನ್ರಿ. ಆಮ್ಯಾಲೆ ಈ ಲಕ್ಕ್ಯಾನ ಓಡಿ ಬಂದು, ನಿಜ್ಯಾ ಹಗೇದಾಗ ಅದಾನಂತ ಬಾಯಿ ಮಾಡಿ ಮಂದಿ ಕೂಡಿಸಿದಾ. ಅಂವಾ ಇಲ್ಲಂದ್ರ ನಾ ಇವತ್ತ ಇರತಿದ್ದಿಲ್ರಿ."

ಕಲ್ಲು ಎಳೆದವರು ಯಾರೆಂದು ಊರು ಎರಡು ದಿನ ಚರ್ಚಿಸಿ, ಕರು ಬೀಳದಿರಲೆಂದು ಯಾರೋ ಪುಣ್ಯಾತ್ಮರು ಮುಚ್ಚಿರಬೇಕೆಂದು ತೀರ್ಮಾನಿಸಿತ್ತು. ಜೀವ ಉಳಿಸಿದ ಲಕ್ಕಪ್ಪನಿಗೆ ನಿಜಗುಣಪ್ಪನ ತಂದೆ ಹೊಸ ಅಂಗಿ ಹೊಲಿಸಿದ್ದರು. ಇಂದಿಗೂ ಸುಗ್ಗಿಯ ಮೊದಲ ಜೋಳ ನಿಜಗುಣಪ್ಪನ ಮನೆಯಿಂದ ಲಕ್ಕಪ್ಪನ ಮನೆಗೇ ಹೋಗುತ್ತದೆ.

"ಹಂಗಾರ ನಮ್ಮ ಪಾವಟಿಗಿ ಹಗೇದಾಗಿಂದ ಸುರು," ಎಂದರು ರಂಜನಾ.

ಈಗ ಹಗೇವು ಎಲ್ಲಿವೆ? ಮುಚ್ಚಿ ಮೇಲೆ ಸಿಮೆಂಟು ಬಡಿದಿದ್ದಾರೆ. ಹುಡುಕಿದರೆ ಸಿರಸಂಗಿಯ ಒಬ್ಬ ರೈತರ ಹಿತ್ತಿಲಲ್ಲಿ ಒಂದು ಉಳಿದಿತ್ತು. ಸುತ್ತಲೂ ಒಮ್ಮೆಗೇ ನೋಡಬಲ್ಲ ಕ್ಯಾಮೆರಾ ಹಿಡಿದು ಸಾಗರ ಹೊರಟ. ಹಗೇವು ಬಲ್ಲವರು ಬೇಕೆಂದು ಲಕ್ಕಪ್ಪನನ್ನೂ ಕರೆದ. ಲಕ್ಕಪ್ಪ ಮೊದಲು "ನಾ ಬರಂಗಿಲ್ಲ, ಸೊಂಟಾ ನೋಯತೇತಿ" ಎಂದ. ನಿಜಗುಣಪ್ಪ "ನನ್ನ ಕಾಲಿನ ಸಂಬಂಧ ಹೋಗೋ" ಎಂದದ್ದಕ್ಕೆ ಚಪ್ಪಲಿ ಮೆಟ್ಟಿದ. ಕಂದೀಲು ಇಳಿಸಿ ಗಾಳಿ ನೋಡಿದ ಮೇಲೆ ಕ್ಯಾಮೆರಾವನ್ನು ಹಗ್ಗಕ್ಕೆ ಕಟ್ಟಿ ತಳಕ್ಕೆ ಬಿಟ್ಟರು. ಮೂರು ವಿಡಿಯೊ ತೆಗೆಯಬೇಕಿತ್ತು: ಬಾಯಿ ಪೂರಾ ತೆರೆದದ್ದು, ಅರ್ಧ ಮುಚ್ಚಿದ್ದು, ಪೂರಾ ಮುಚ್ಚಿದ್ದು. ಮೂರನೆಯದರ ಹೊತ್ತಿಗೆ ಸಾಗರನಿಗೆ ಫೋನು ಬಂತು. "ಕಾಕಾ, ನೀವು ಕಲ್ಲು ಎಳದು ಐದು ಮಿನಿಟು ಬಿಡ್ರಿ," ಎಂದು ಹೇಳಿ ಬೇವಿನ ಮರದ ಕಡೆಗೆ ಹೋದ. ಲಕ್ಕಪ್ಪ ಒಬ್ಬನೇ ಕಲ್ಲು ಎಳೆದ.

ತೆರೆದ ಬಾಯಿಗೆ ನಿಜಗುಣಪ್ಪನ ಅಂಜಿಕೆ ಎಂಟಕ್ಕೆ ಹತ್ತಿ ಮೂರಕ್ಕೆ ಇಳಿಯಿತು. ಅರ್ಧ ಮುಚ್ಚಿದ್ದಕ್ಕೆ ಎರಡು ಮಂಗಳವಾರ ಹಿಡಿಯಿತು. ಬೆವರಿ ಅಂಗಿ ಹಿಂಡುವಂತಾದರೂ ಹಾಡಲಿಲ್ಲ, ಹಲ್ಲು ಕಚ್ಚಿ ಕುಂತ. ಆರನೆಯ ಮಂಗಳವಾರ ಪೂರಾ ಮುಚ್ಚುವ ಪಾಳಿ. ಲಕ್ಕಪ್ಪ ಎಂದಿನಂತೆ ಹೊರಗೆ ಬೆಂಚಿನ ಮೇಲೆ. ಪೆಟ್ಟಿಗೆಯೊಳಗೆ ನಿಜಗುಣಪ್ಪ ತಲೆ ಎತ್ತಿದ. ದುಂಡನೆಯ ಬೆಳಕಿನ ಮೇಲೆ ಕಲ್ಲು ಗರಗರ ಸರಿಯಿತು. ಬೆಳಕು ಕುಡುಗೋಲಿನಷ್ಟಾಯಿತು. ಅಲ್ಲಿಗೆ ಕಲ್ಲು ನಿಂತಿತು, ಬೋಳುತಲೆಯೊಂದು ಬಗ್ಗಿತು, ಮೇಲಿನಿಂದ ಪರಿಚಯದ ದನಿ ಕೇಳಿತು. ಕಣ್ಣಿನ ಯಂತ್ರಕ್ಕೆ ಕಿವಿಯೂ ಇರುತ್ತದೆಂದು ಆ ಬಡಪಾಯಿ ಲಕ್ಕಪ್ಪನಿಗೆ ಯಾರು ಹೇಳಬೇಕಿತ್ತು?

"ನಿಜ್ಯಾ... ಅವತ್ತೂ ನಾನ ಎಳದಿದ್ನೋ. ಚಾಷ್ಟಿಗೆ. ನೂರ ಎಣಿಸಿ ತಗೀಬೇಕಂತ ಮಾಡಿದ್ದೆ. ಮೂವತ್ತಕ್ಕ ಬಂದಿದ್ದೆ, ನಮ್ಮವ್ವ 'ಹೋಳಿಗಿ ಆರತಾವ, ಲಗೂನ ಬಾ' ಅಂದ್ಳು. ಹೋದೆ. ಎರಡ ತಿಂದೆ. ಮೂರನೇದು ಅರ್ಧಾ ತಿಂದಿದ್ದೆ, ಆವಾಗ ನೀ ನೆನಪಾದಿ. ಓಡಿ ಬಂದ್ರ ಎಲ್ಲಾರೂ ನನಗ ಶಾಣ್ಯಾ ಅಂದ್ರು. ಹೊಸ ಅಂಗಿ ಕೊಟ್ರು. ಆಮ್ಯಾಲೆ ಹೆಂಗ ಹೇಳ್ಲೋ? ತಪ್ಪಾತೋ ನಿಜ್ಯಾ."

ಕಲ್ಲು ಕೂತಿತು. ಕತ್ತಲಾಯಿತು.

"ಕಾಕಾ, ಅಂಜಿಕಿ ಎಷ್ಟ್ರಿ?"

"ಅಂಜಿಕಿ ಸುಡ್ಲಿ! ಸಿಟ್ಟು ಹತ್ತಕ್ಕ ಹದಿನೈದ ಐತಿ! ಏ ಸಾಗರಾ, ಮತ್ತೊಮ್ಮೆ ಹಚ್ಚು!"

ಮತ್ತೊಮ್ಮೆ ಹಚ್ಚಿದ. ಮಗುದೊಮ್ಮೆ ಹಚ್ಚಿದ. "ಹೋಳಿಗಿ! ಹೋಳಿಗಿ ಸಂಬಂಧ!" ಎಂದು ನಿಜಗುಣಪ್ಪ ಖುರ್ಚಿಯ ಕೈ ಗುದ್ದಿದ. "ಜೀವಾ ಉಳಿಸ್ಯಾನಂತ ವರ್ಷಾ ಜೋಳಾ ಕಳಸತೇನ್ರಿ ಈ ಭಾಡ್ಯಾಗ!" ಆರು ಸಲ ಕೇಳಿದ. ರಂಜನಾ ಗಡಿಯಾರ ನೋಡಿಕೊಂಡರು. ಮುಚ್ಚಿದ ಹಗೇವಿನಲ್ಲಿ ಮೂವತ್ತೈದು ಮಿನಿಟು ಕುಂತಿದ್ದನ್ನು ನಿಜಗುಣಪ್ಪ ಗಮನಿಸಿಯೇ ಇರಲಿಲ್ಲ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಹೊರಗೆ ಬಂದಾಗ ಲಕ್ಕಪ್ಪ ಎದ್ದು ನಿಂತಿದ್ದ. ಗೋಡೆ ತೆಳುವಾಗಿತ್ತು, ಎಲ್ಲ ಕೇಳಿಸಿತ್ತು. ಕೈಯಲ್ಲಿ ನಿಜಗುಣಪ್ಪನ ಚಪ್ಪಲಿ. ನಿಜಗುಣಪ್ಪ ಅದನ್ನು ಕಿತ್ತುಕೊಂಡು, ಮುಖ ನೋಡದೆ, ಒಬ್ಬನೇ ಬಸ್ಸು ಹತ್ತಿದ. ಬಾಗಿಲ ಸೀಟು ಖಾಲಿಯಿದ್ದರೂ ಸಿಟ್ಟಿನಲ್ಲಿ ಹಿಂದೆ ಮೂಲೆಗೆ ಹೋಗಿ ಕುಂತ.

ಒಂಬತ್ತು ದಿನ ಮಾತಿಲ್ಲ ಕತೆಯಿಲ್ಲ. ಎದುರು ಬದುರು ಕಟ್ಟೆ, ಒಬ್ಬ ಮೂಡಕ್ಕೆ ಮುಖ ಮಾಡಿದರೆ ಇನ್ನೊಬ್ಬ ಪಡುವಣಕ್ಕೆ. ಹಾಡೂ ನಿಂತಿತು. ಓಣಿಯವರು ಹೊತ್ತು ತಪ್ಪಿ ಪರದಾಡಿದರು. ಸಿಟ್ಟಿನ ಭರದಲ್ಲಿ ನಿಜಗುಣಪ್ಪ ಪಾಯಖಾನೆಯ ಬಾಗಿಲನ್ನು ಧಡ್ ಎಂದು ಮುಚ್ಚಿಕೊಳ್ಳುತ್ತಿದ್ದ. ಐದನೆಯ ದಿನ ಹೊಲದಿಂದ ಬಂದಾಗ ಚಪ್ಪಲಿ ಇರಲಿಲ್ಲ. ಹಿಂದೆ ಎತ್ತಿಕೊಡುವವರೂ ಇರಲಿಲ್ಲ. ಪಡಸಾಲೆಯ ತುಂಬ ರಕ್ತದ ಹೆಜ್ಜೆ ಕಂಡು ಸೋಮವ್ವ ಚೀರಿದಳು. ಪಾದದಲ್ಲಿ ಬೆರಳುದ್ದದ ಜಾಲಿಮುಳ್ಳು, ಮನುಷ್ಯನಿಗೆ ಸುದ್ದಿಯೇ ಇಲ್ಲ. ಮುಳ್ಳು ಕೀಳುತ್ತ ಅವಳು ಅಂದಳು:

"ಅಂವಾ ಹತ್ತ ವರ್ಷದ ಹುಡುಗ ಇದ್ದಾಗ ಕಲ್ಲ ಎಳದಾ. ನೀವು ಅರವತ್ಮೂರಕ್ಕ ಎಳ್ಯಾಕ ಹತ್ತೀರಿ. ಯಾರು ಶಾಣ್ಯಾರು?"

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಕಳೆದ ಚಪ್ಪಲಿ ಬಂದು ಕುಂತಿತ್ತು. ಹಿಮ್ಮಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಹೊಲಿದಿತ್ತು, ಜಾರಿ ಬೀಳದಂತೆ. ಹೊಲಿಗೆ ಡೊಂಕು. ಯಾರ ಕೈಯೆಂದು ಗೊತ್ತಿದ್ದರೂ ಗೊತ್ತಿಲ್ಲದವನಂತೆ ಮೆಟ್ಟಿಕೊಂಡ.

ಹತ್ತನೆಯ ದಿನ, ರಂಜನಾ ಹೇಳಿದಂತೆ, ಬೆಳಗಾವಿಯಲ್ಲಿ ಸ್ಕ್ಯಾನು. ಲಕ್ಕಪ್ಪನನ್ನು ಕರೆದಿರಲಿಲ್ಲ. ಆದರೆ ನಿಜಗುಣಪ್ಪ ಮತ್ತು ಸೋಮವ್ವ ಹೋದಾಗ ಗೇಟಿನ ಪಕ್ಕದ ಕಲ್ಲಿನ ಮೇಲೆ ಬೋಳುತಲೆಯೊಂದು ಕುಂತಿತ್ತು, ಮೊದಲ ಬಸ್ಸಿಗೇ ಬಂದು. ಇಬ್ಬರೂ ನೋಡಿಯೂ ನೋಡದಂತೆ ಮಾಡಿದರು.

ಹಲಗೆಯ ಮೇಲೆ ಮಲಗಿದಾಗ ಎದೆ ಡವಗುಟ್ಟಿತು. ನಿಂತು ನೋಡಿದರೆ ಕುಂದರುತ್ತದೆ ಎಂದು ತನಗೇ ಹೇಳಿಕೊಂಡ. ಯಂತ್ರದವರು ಅಂದರು, "ಅಳ್ಳಾಡಬಾರದು, ಹಾಡಬಾರದು. ಬೇಕಾದ್ರ ಒಬ್ಬರು ಜೊತಿಗೆ ನಿಂದರಬಹುದು, ಮೈಮ್ಯಾಲೆ ಲೋಹ ಇರಬಾರದು." ಸೋಮವ್ವ ಎದ್ದಳು, ತಾಳಿ, ಕಾಲುಂಗುರ ಮುಟ್ಟಿ ನೋಡಿಕೊಂಡು ಹಾಗೇ ನಿಂತಳು.

ನಿಜಗುಣಪ್ಪ ಮಾಡು ನೋಡುತ್ತ ಅಂದ: "ಗೇಟಿನ್ಯಾಗ ಒಬ್ಬ ಬೋಳಪ್ಪ ಕುಂತಾನ. ಕರೀರಿ."

ಲಕ್ಕಪ್ಪನ ಸೊಂಟದಲ್ಲಿ ಬೆಳ್ಳಿಯ ಉಡದಾರವಿತ್ತು. ಗಂಡಸಿನ ಉಡದಾರ ಬಿಚ್ಚುವುದು ಹೆಣವಾದ ಮೇಲೆಯೇ ಎಂಬುದು ನಮ್ಮ ಕಡೆಯ ಮಾತು. ಅವನು ಅದನ್ನು ಬಿಚ್ಚಿ ಸೋಮವ್ವನ ಉಡಿಗೆ ಹಾಕಿದ. ಉಡದಾರವಿಲ್ಲದ ಧೋತರ ನಿಲ್ಲುತ್ತದೆಯೇ? ಒಂದು ಕೈಯಲ್ಲಿ ಧೋತರ ಹಿಡಿದು ಒಳಗೆ ಬಂದು, ಇನ್ನೊಂದು ಕೈಯಲ್ಲಿ ಗೆಳೆಯನ ಕಾಲಿನ ಹೆಬ್ಬೆರಳು ಹಿಡಿದ.

"ಬಲಗಾಲ ಯಾಕ ಹಿಡದಿ? ಅದಕ್ಕ ಗೊತ್ತಾಗಂಗಿಲ್ಲ. ಎಡಗಾಲ ಹಿಡಿ."

ಹಿಡಿದ.

"ಲಕ್ಕ್ಯಾ."

"ಆಂ."

"ಈ ಸಲ ಯಾರರ ಉಣ್ಣಾಕ ಕರದ್ರ ಹೋಗಬ್ಯಾಡ."

ಲಕ್ಕಪ್ಪ ಹೆಬ್ಬೆರಳನ್ನು ಗಟ್ಟಿಯಾಗಿ ಅದುಮಿದ. ಹಲಗೆ ಒಳಗೆ ಸರಿಯಿತು. ಇಪ್ಪತ್ತೈದು ಮಿನಿಟು ಯಂತ್ರ ಕುಟ್ಟಿತು, ಗುದ್ದಿತು, ಕಿರುಚಿತು. ನಿಜಗುಣಪ್ಪ ಅಳ್ಳಾಡಲಿಲ್ಲ, ಹೆಬ್ಬೆರಳು ಬಿಡಿಸಿಕೊಳ್ಳಲೂ ಇಲ್ಲ. ಚಿತ್ರ ಸ್ಪಷ್ಟ ಬಂದಿದೆ, ಇನ್ನು ಆಪರೇಶನ್ನಿಗೆ ಅಡ್ಡಿಯಿಲ್ಲ ಎಂದರು.

ಹೊರಗೆ ಮರದ ನೆರಳಿನಲ್ಲಿ ಸೋಮವ್ವ ಎಲೆ ಹಾಸಿ ಬುತ್ತಿ ಬಿಚ್ಚಿದಳು. ಹೋಳಿಗೆ. ಲಕ್ಕಪ್ಪನ ಅಂಗೈ ತಂತಾನೇ ಎಲೆಯ ಮೇಲೆ ಅಡ್ಡ ಬಂತು. ನಿಜಗುಣಪ್ಪ ಆ ಕೈಯನ್ನು ಹಿಡಿದೆತ್ತಿ ಪಕ್ಕಕ್ಕಿಟ್ಟ. ಒಂದು ಹೋಳಿಗೆಯನ್ನು ಸರಿಯಾಗಿ ನಡುವೆ ಮುರಿದು, ಅರ್ಧವನ್ನು ಎಲೆಗೆ ಹಾಕಿದ.

"ತಿನ್ನ. ಮೂರನೇದು ಅರ್ಧಕ್ಕ ಬಿಟ್ಟಿದ್ದಿ."

ಲಕ್ಕಪ್ಪ ತಿಂದ. ಕಣ್ಣು ಮೂಗು ಎರಡೂ ಸೋರುತ್ತಿದ್ದವು. ಬಾಯಿ ತುಂಬ ಹೋಳಿಗೆ ಇಟ್ಟುಕೊಂಡೇ, "ಏಲಕ್ಕಿ ಒಂಚೂರ ಹೆಚ್ಚಾಗೇತಿ ವೈನಿ," ಎಂದ. ಸೋಮವ್ವ ಅವನ ಉಡದಾರವನ್ನು ಅವನ ಮೇಲೇ ಎಸೆದಳು.